ನಂಜುಂಡನ ಕಾಲು ತೋರಿಸಲು ಹೋದದ್ದು

ಬೆಳಿಗ್ಗೆ ಆರೂವರೆಗೆ ನಾವು ಮೂವರು ಕೆಂಗೇರಿಯ ಮನೆ ಬಿಟ್ಟೆವು. ನಾನು, ನನ್ನ ಮೈದುನ ನಂಜುಂಡ, ಅವನ ಹೆಂಡತಿ ಗಿರಿಜ. ಹೋಗಬೇಕಾದದ್ದು ಪಟ್ಟಣದ ಆಚೆ ತುದಿಯ ಮಿಲಿಟರಿ ಆಸ್ಪತ್ರೆಗೆ. ಹದಿನೈದು ಮೈಲಿಯಾದರೂ ಆದೀತು. ನಂಜುಂಡ ಸೈನ್ಯದಲ್ಲಿ ಲಾನ್ಸ್ ನಾಯಕ್. ಯುದ್ಧ ಮುಗಿದು ಎರಡು ಮೂರು ವರ್ಷವಾಗಿತ್ತು, ಆದರೆ ಉತ್ತರದ ಹಿಮದ ಗುಡ್ಡಗಳಲ್ಲಿ ಕಾವಲು ಕಾಯುವುದು ಮುಗಿಯುವ ಕೆಲಸವಲ್ಲ. ಅಲ್ಲಿಂದ ಅವನು ರಜೆಯ ಮೇಲೆ ಬಂದು ಅಂದಿಗೆ ಐದು ದಿನ. ಎರಡು ಪಾದಕ್ಕೂ ಎಳೆ ಬಾಳೆಯೆಲೆ ಇಟ್ಟು, ಹಳೇ ಪಂಚೆ ಹರಿದು ಸುತ್ತಿದ್ದೆವು. ನೆಲಕ್ಕೆ ಊರುವಂತಿರಲಿಲ್ಲ. ಹಿಂದಿನ ಬೀದಿಯ ಸಾಬರ ಜಟಕಾ ಕರೆಸಿ ಬಸ್ ಸ್ಟಾಂಡಿನವರೆಗೆ ಹೋದೆವು.

ಕಾಲು ಹಾಗಾದದ್ದು ನನ್ನಿಂದ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೂರದಿಂದ ಬಂದ ಗಂಡುಮಕ್ಕಳಿಗೆ ಎಣ್ಣೆಸ್ನಾನ ಮಾಡಿಸದೆ ನಮ್ಮ ಮನೆಯಲ್ಲಿ ಬಿಡುವುದಿಲ್ಲ. ಮೈಗೆ ಹೊಕ್ಕ ಚಳಿಯನ್ನು ಹಂಡೆ ನೀರೇ ಎಳೆಯಬೇಕು ಎಂದು ನಮ್ಮತ್ತೆ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸ ನನಗೆ ಬಂದಿತ್ತು. ನಂಜುಂಡ ನನ್ನ ಕೈಯಲ್ಲೇ ಬೆಳೆದವನು. ನಾನು ಮದುವೆಯಾಗಿ ಬಂದಾಗ ಅವನಿಗೆ ಎಂಟು ವರ್ಷ. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ತೆಂಗಿನ ಚಿಪ್ಪು, ಹುಣಸೆ ಸೌದೆ ಹಾಕಿ ನೀರು ಕಾಯಿಸಿದೆ. ನೀರು ಹಾಕುವ ಮುಂಚೆ ಕಾಲಿನ ಚಳಿ ಇಳಿಯಲೆಂದು ಹಿತ್ತಾಳೆ ಬೋಗುಣಿಗೆ ಹಂಡೆ ನೀರು ಬಗ್ಗಿಸಿ, ಕಾಲಿಡು ಅಂದೆ. ಇಟ್ಟ. ಗುಡ್ಡದ ಮೇಲಿನ ಅಡುಗೆಯವನ ಕಥೆ ಹೇಳುತ್ತಾ ಕಾಲು ಗಂಟೆ ಕೂತ. "ಸುಡುತ್ತೇನೋ?" ಅಂದರೆ, "ಇಲ್ಲ ಅತ್ತಿಗೆ, ಹಾಯಾಗಿದೆ" ಅಂದ. ಸಂಜೆಯ ಹೊತ್ತಿಗೆ ಪಾದದ ತುಂಬ ಬೊಬ್ಬೆ.

ಬಸ್ಸು ಏಳಕ್ಕೆ ಹೊರಟಿತು. ಅವರೆಕಾಯಿ ಕಾಲ. ಮಾರ್ಕೆಟ್ಟಿಗೆ ಹೋಗುವ ಮೂಟೆಗಳೇ ಅರ್ಧ ಬಸ್ಸು ತುಂಬಿದ್ದವು, ಸೊಗಡಿನ ವಾಸನೆ ಮೂಗಿಗೆ ಹತ್ತುತ್ತಿತ್ತು. ವೃಷಭಾವತಿಯ ಮೇಲೆ ಇನ್ನೂ ಮಂಜು ಕೂತಿತ್ತು. ನಂಜುಂಡ ಒಂದು ಮೂಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಅವನ ಖಾಕಿ ಕೋಟು, ಕಾಲಿನ ಕಟ್ಟು ನೋಡಿ ಕಂಡಕ್ಟರು ಟಿಕೀಟು ಹರಿಯುವುದು ಬಿಟ್ಟು ನಿಂತ.

"ಏನ್ ಸಾರ್, ಗುಂಡೇಟಾ?"

"ಇಲ್ಲ ಗುರು, ಅತ್ತಿಗೆ ಏಟು."

ಹಿಂದಿನ ಸೀಟಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಗಿರಿಜ ಹೆಂಗಸರ ಸೀಟಿನಲ್ಲಿ, ನಮಗೆ ಬೆನ್ನು ಮಾಡಿ ಕೂತಿದ್ದಳು. ಅವಳೂ ನಗಲಿಲ್ಲ.

ನಾಯಂಡಹಳ್ಳಿ ದಾಟಿದ ಮೇಲೆ ನಂಜುಂಡ ನನ್ನ ಕಡೆ ಬಗ್ಗಿ ದನಿ ತಗ್ಗಿಸಿದ. "ಅತ್ತಿಗೆ, ಡಾಕ್ಟರು ಕೇಳಿದ್ರೆ ಬಿಸಿನೀರು ಚೆಲ್ತು ಅನ್ನಿ, ಅಷ್ಟೆ. ಬೆರಳಿನ ವಿಷಯ ಎತ್ಬೇಡಿ."

"ಯಾವ ಬೆರಳು?"

ಆಗ ಹೇಳಿದ. ಹೋದ ಚಳಿಗಾಲದಲ್ಲಿ ಎರಡು ರಾತ್ರಿ ಒದ್ದೆ ಬೂಟಿನಲ್ಲೇ ಕಾವಲು ನಿಂತಿದ್ದನಂತೆ. ಅಂದಿನಿಂದ ಎರಡು ಪಾದಕ್ಕೂ ಬಿಸಿ ತಣ್ಣಗಿನ ಭೇದ ತಿಳಿಯುವುದಿಲ್ಲ, ಕೆಲವು ಬೆರಳಿಗೆ ಮುಟ್ಟಿದ್ದೂ ತಿಳಿಯುವುದಿಲ್ಲ. ಅಲ್ಲಿನ ಡಾಕ್ಟರಿಗೆ ಹೇಳಲಿಲ್ಲ, ಹೇಳಿದರೆ ಕೆಟಗರಿ ಇಳಿಸುತ್ತಾರೆ. ಕೆಟಗರಿ ಎಂದರೆ ಸೈನ್ಯದವರು ಆರೋಗ್ಯಕ್ಕೆ ಕೊಡುವ ದರ್ಜೆ. ಅದು ಇಳಿದರೆ ಗುಡ್ಡಕ್ಕೆ ಕಳಿಸುವುದಿಲ್ಲ, ಬಡ್ತಿಯೂ ಇಲ್ಲ. ಬರುವ ತಿಂಗಳು ಅವನು ನಾಯಕ್ ಆಗಬೇಕಿತ್ತು, ತೋಳಿನ ಮೇಲೆ ಒಂದಿದ್ದ ಪಟ್ಟಿ ಎರಡಾಗಬೇಕಿತ್ತು.

"ಗಿರಿಜಂಗೆ ಗೊತ್ತಾ?"

"ಅವಳಿಗೇನು ಗೊತ್ತು? ನೀವು ಬಾಯಿ ಬಿಡಲ್ಲ ಅಂತ ಮಾತು ಕೊಡಿ."

ಕೊಟ್ಟೆ. ಸುಟ್ಟವಳು ನಾನು. ಒಲ್ಲೆ ಅನ್ನುವುದಕ್ಕೆ ನನಗೆ ಬಾಯಿರಲಿಲ್ಲ.

ಬಾಪೂಜಿನಗರದಲ್ಲಿ ಬಸ್ಸು ತುಂಬಿ ಜೋತಾಡಿತು. ಬ್ಯಾಂಕಿಗೆ, ಆಫೀಸಿಗೆ ಹೋಗುವವರು ಫುಟ್‌ಬೋರ್ಡಿನ ಮೇಲೆ ನಿಂತರು. ಮಾರ್ಕೆಟ್ಟಿನಲ್ಲಿ ಇಳಿದಾಗ ಎಂಟು ದಾಟಿತ್ತು. ಅವರೆಕಾಯಿಯವನೊಬ್ಬ, ಕೇಳದೆಯೇ, ನಂಜುಂಡನನ್ನು ಮೂಟೆಯಂತೆ ಬೆನ್ನಿಗೆ ಹಾಕಿಕೊಂಡು ಹೋಟೆಲಿನ ಬೆಂಚಿನ ಮೇಲೆ ಕೂರಿಸಿ ಹೋದ. ತಲಾ ಎರಡಿಡ್ಲಿ, ಕಾಫಿ. ಚಟ್ನಿ ಚೆನ್ನಾಗಿತ್ತು. ಗಿರಿಜ ಕಾಫಿ ಮಾತ್ರ ಕುಡಿದಳು.

"ತಿನ್ನೇ, ಆಸ್ಪತ್ರೇಲಿ ಎಷ್ಟೊತ್ತಾಗುತ್ತೋ" ಎಂದ ನಂಜುಂಡ.

"ನೀವು ಹಾಯಾಗಿರೋರು, ತಿನ್ನಿ" ಎಂದಳು.

ಅಲ್ಲಿಂದ ಆಟೋ. ಕಂಟೋನ್ಮೆಂಟಿನ ದೊಡ್ಡ ಮರಗಳ ರಸ್ತೆಯಲ್ಲಿ ಬಿಸಿಲು ಬಿದ್ದೂ ಚಳಿಯಿತ್ತು. ಆಸ್ಪತ್ರೆಯ ಗೇಟಿನಲ್ಲಿ ಸಂತ್ರಿ ಕಾಗದ ನೋಡಿ, ಕಾಲು ನೋಡಿ, ಮಾತಿಲ್ಲದೆ ಗಾಲಿ ಕುರ್ಚಿ ತರಿಸಿಕೊಟ್ಟ. ಒಳಗೆ ಕೆಂಪು ನೆಲ, ಫಿನಾಯಿಲ್ ವಾಸನೆ, ಬೆಂಚುಗಳ ಮೇಲೆ ನಮ್ಮ ಹಾಗೆಯೇ ಹೆಂಡಂದಿರು, ತಾಯಂದಿರು. ಹತ್ತೂವರೆಗೆ ನಮ್ಮನ್ನು ಕರೆದರು.

ಡಾಕ್ಟರು ಕೊಡಗಿನ ಕಡೆಯ ಮೇಜರು, ಕನ್ನಡ ಬಲ್ಲವರು. ಕಟ್ಟು ಬಿಚ್ಚಿಸಿ ಬಹಳ ಹೊತ್ತು ನೋಡಿದರು.

"ಏನಾಯ್ತು?"

"ಬಿಸಿನೀರು ಚೆಲ್ತು ಸಾರ್" ಎಂದ ನಂಜುಂಡ.

"ಚೆಲ್ಲಿದ್ರೆ ಹೀಗೆ ಗೆರೆ ಕೊಯ್ದ ಹಾಗೆ ಗಿಣ್ಣಿನವರೆಗೆ ಬೇಯಲ್ಲ. ಇದು ಮುಳುಗಿಸಿಟ್ಟ ಕಾಲು." ಅವರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. "ಬರೀ ಸುಟ್ಟಿದ್ದಾದ್ರೆ ಡ್ರೆಸ್ಸಿಂಗ್ ಮಾಡಿ ಮನೆಗೆ ಕಳಿಸ್ತೀನಿ. ಹಿಮದಿಂದ ಮೊದಲೇ ಸ್ಪರ್ಶ ಹೋಗಿದ್ರೆ ಮಾತು ಬೇರೆ. ಅದನ್ನ ಮುಚ್ಚಿಟ್ಟರೆ ಒಳಗೊಳಗೇ ಕೊಳೆಯುತ್ತೆ, ಆಮೇಲೆ ಪಾದಾನೇ ತೆಗೀಬೇಕಾಗುತ್ತೆ. ಸ್ಪರ್ಶ ಇದೆಯೇನಪ್ಪ?"

"ಇದೆ ಸಾರ್."

ಡಾಕ್ಟರು ಮೇಜಿನ ಮೇಲಿಂದ ಒಂದು ಸೂಜಿ ತೆಗೆದುಕೊಂಡು ಗಿರಿಜಳನ್ನು ಹತ್ತಿರ ಕರೆದರು. "ನೀನೇ ಇವನ ಕಣ್ಣು ಮುಚ್ಚಮ್ಮ. ಬಿಟ್ರೆ ಇಣುಕ್ತಾನೆ."

ಗಿರಿಜ ಎರಡು ಕೈಯಲ್ಲೂ ಗಂಡನ ಕಣ್ಣು ಮುಚ್ಚಿದಳು. ಡಾಕ್ಟರು ಬಲಗಾಲಿನ ಹೆಬ್ಬೆರಳಿಗೆ ಸೂಜಿ ತಾಕಿಸಿದರು.

"ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್."

ಎರಡನೆಯದಕ್ಕೆ, "ಗೊತ್ತಾಯ್ತು ಸಾರ್." ಮೂರನೆಯ ಸಲ ಡಾಕ್ಟರು ಸೂಜಿಯನ್ನು ಮೇಜಿನ ಮೇಲಿಟ್ಟು, ಬರಿಗೈ ಕಟ್ಟಿಕೊಂಡು ನಿಂತರು.

"ಈಗ?"

"ಗೊತ್ತಾಯ್ತು ಸಾರ್."

ಕೈ ತೆಗೆಯದೆಯೇ ಗಿರಿಜ ಹೇಳಿದಳು, "ಬಂದ ದಿನದಿಂದ ನೋಡ್ತಾ ಇದೀನಿ ಸಾರ್. ಎಡಗಾಲಿನ ಚಪ್ಪಲಿ ಹೊಸಲಲ್ಲೇ ಕಳಚಿಕೊಂಡ್ರೂ ಇವರಿಗೆ ಗೊತ್ತಾಗಲ್ಲ. ಒಂದೇ ಚಪ್ಪಲೀಲಿ ಬಾವಿವರೆಗೂ ಹೋಗ್ತಾರೆ. ನಾನು ಹಿಂದೇನೇ ಹೋಗಿ ಇಟ್ಟು ಬರ್ತೀನಿ."

"ಗಿರಿಜ, ಸುಮ್ನಿರೇ" ಎಂದ ನಂಜುಂಡ.

"ಸುಮ್ನಿದ್ದೆನಲ್ಲ, ನಿನ್ನೆವರೆಗೂ. ಸುಮ್ನಿದ್ದಿದ್ದಕ್ಕೇ ಬೆಂದಿದ್ದು."

ಆಗ ನನಗೆ ಬಾಯಿ ಬಂತು. ಬೋಗುಣಿ ಇಟ್ಟವಳು ನಾನು, ನೀರು ಬಗ್ಗಿಸಿದವಳು ನಾನು, ಅವಳದೇನೂ ತಪ್ಪಿಲ್ಲ ಎಂದೆ. ಬಸ್ಸಿನಲ್ಲಿ ಅವನು ಹೇಳಿದ್ದನ್ನೂ ಹೇಳಿಬಿಟ್ಟೆ. ಡಾಕ್ಟರು ಬೈಯಲಿಲ್ಲ. "ಚಳಿಯಿಂದ ಬಂದ ಮಗನಿಗೆ ಯಾವ ಮನೇಲಿ ನೀರು ಕಾಯಿಸಲ್ಲ ಹೇಳಿ? ಇಂಥ ಕಾಲು ನಾನು ಬೇರೆಯೂ ನೋಡಿದೀನಿ. ಇನ್ನು ಮೇಲೆ ಇವನ ನೀರಿಗೆ ಮೊದಲು ನಿಮ್ಮ ಮೊಣಕೈ ಅದ್ದಿ ನೋಡಿ, ಮಗುಗೆ ನೋಡ್ತೀರಲ್ಲ, ಹಾಗೆ." ಆಮೇಲೆ ಮತ್ತೆ ಸೂಜಿ ಹಿಡಿದರು. "ಈಗ ನಿಜ ಹೇಳು."

ಈ ಸಲ ಒಂದೊಂದು ಬೆರಳಿಗೂ ಹೊತ್ತು ಹಿಡಿಯಿತು. ಹತ್ತರಲ್ಲಿ ಮೂರು ಸಲ ಅವನು "ಇಲ್ಲ ಸಾರ್" ಎಂದ. ಮೂರೂ ಎಡಗಾಲಿನವು.

ಅವನನ್ನು ವಾರ್ಡಿಗೆ ಸೇರಿಸಿಕೊಂಡರು. ಪಾದಕ್ಕೆ ಅಪಾಯವಿಲ್ಲ, ತಡವಾಗಲಿಲ್ಲ ಎಂದರು ಡಾಕ್ಟರು. ಎಡಗಾಲಿನ ಕಿರುಬೆರಳು ಉಳಿಯುವುದು ಕಷ್ಟ, ಉಳಿದೆರಡನ್ನು ಹದಿನೈದು ದಿನ ನೋಡಬೇಕು. ಕೆಟಗರಿಯ ಕಾಗದಕ್ಕೆ ಅಲ್ಲೇ ಸಹಿ ಹಾಕಿದರು. ಗುಡ್ಡ ಇನ್ನಿಲ್ಲ.

ಮಧ್ಯಾಹ್ನವೆಲ್ಲ ನಂಜುಂಡ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಊಟ ಬಂತು, ಚಪಾತಿ, ಬೇಳೆ, ಒಂದು ಬಾಳೆಹಣ್ಣು. ತಿರುಗಲಿಲ್ಲ.

"ಇಬ್ರೂ ಸೇರಿ ನನ್ನ ಪಟ್ಟಿ ಕಿತ್ಕೊಂಡ್ರಿ" ಎಂದ, ಗೋಡೆಗೆ.

"ಕಿತ್ಕೊಂಡ್ವಿ" ಎಂದಳು ಗಿರಿಜ, ಹಣ್ಣು ಸುಲಿಯುತ್ತಾ. "ತಿನ್ನಿ."

ಸ್ವಲ್ಪ ಹೊತ್ತಾದ ಮೇಲೆ ಕೈ ಮಾತ್ರ ಹಿಂದಕ್ಕೆ ಚಾಚಿ ತೆಗೆದುಕೊಂಡ.

ನಾಲ್ಕು ಗಂಟೆಗೆ ನೋಡಲು ಬಂದವರೆಲ್ಲ ಹೊರಡಬೇಕೆಂದು ಗಂಟೆ ಹೊಡೆದರು. ಹೋಗಿಬರ್ತೀವಿ ಅಂದೆವು. ವಾರ್ಡಿನ ಬಾಗಿಲಲ್ಲಿ ತಿರುಗಿ ನೋಡಿದೆ. ನಾವು ಹೋದೆವೆಂದುಕೊಂಡು ಎದ್ದು ಕೂತು, ಹೊದಿಕೆ ಸರಿಸಿ, ಕಟ್ಟಿನಿಂದ ಹೊರಗೆ ಕಾಣುತ್ತಿದ್ದ ಬೆರಳುಗಳ ತುದಿಯನ್ನು ಒಂದೊಂದಾಗಿ ಮುಟ್ಟಿ, ಕಣ್ಣು ಮುಚ್ಚಿ, ಮತ್ತೆ ಮುಟ್ಟಿ ನೋಡುತ್ತಿದ್ದ. ನಾನು ಒಳಗೆ ಹೆಜ್ಜೆಯಿಟ್ಟೆ. ಗಿರಿಜ ನನ್ನ ಸೆರಗು ಹಿಡಿದಳು.

"ಬನ್ನಿ ಅಕ್ಕ. ಎಣಿಸ್ಕೊಳ್ಳಲಿ."