ಮೂಲೆ ಕತ್ತರಿಸಿದ ಕಾಗದ

ನಿನ್ನ ಮಗ ಸತ್ತಿರಲಿಲ್ಲ, ಮುನಿಯಮ್ಮ. ನನಗೆ ಗೊತ್ತಿತ್ತು. ಗೊತ್ತಿದ್ದೂ, ನೀನು ನಮ್ಮ ಕೊಟ್ಟಿಗೆಯ ಮುಂದೆ ಹೊರಳಾಡಿ ಅತ್ತಾಗ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಗಂಡ ಸತ್ತ ಮೇಲೆ ಅವನ ಜೀತ ನಿನ್ನ ತಲೆಗೆ ಬಂದಿತ್ತು. ಮಗ ಚೌಡ ಒಪ್ಪದೆ ಓಡಿಹೋದ — ಮೊದಲು ಮಾರಿಕುಪ್ಪಂ ಗಣಿಗೆ, ಆಮೇಲೆ ಮದರಾಸಿಗೆ, ಅಲ್ಲಿಂದ ಹಡಗಿನ ಕೆಲಸಕ್ಕೆ. ವರ್ಷಗಳಾದ ಮೇಲೆ ಅವನ ಕಾಗದ ಬಂತು. ಊರಲ್ಲಿ ಓದು ಬಲ್ಲವನು ಗೌಡರ ಮಗ ನಾನೊಬ್ಬನೇ. "ಓದಿ ಏಳಿ ಬುದ್ದಿ, ನಮ್ ಚೌಡ ಏನ್ ಬರ್ಸವ್ನೆ?" ಎಂದು ನನ್ನ ಮುಂದಿಟ್ಟು, ನೀನು ಹಸುಗಳಿಗೆ ನೀರು ತೋರಿಸಲು ಹೋದೆ.

ಆಗ ನನಗೆ ಅಂಚೆಚೀಟಿ ಕೂಡಿಸುವ ಹುಚ್ಚು. ಲಕೋಟೆಯ ಮೇಲಿದ್ದದ್ದು ಅಮೆರಿಕದ್ದು, ಅಲ್ಲಿ ಗುಲಾಮಗಿರಿ ತೊಲಗಿದ ನೆನಪಿಗೆ ಅಚ್ಚು ಹಾಕಿಸಿದ್ದು. ಮಂಡಿಯೂರಿದ ಕರಿಯ ಮನುಷ್ಯ, ಕಡಿದ ಸಂಕೋಲೆ. ಆಸೆ ತಡೆಯದೆ ಮೂಲೆಯನ್ನೇ ಕತ್ತರಿಸಿಕೊಂಡೆ. ಒಳಗಿನ ಕಾಗದದ ಮೂಲೆಯೂ ಜೊತೆಗೆ ಹೋಯಿತು. ಆಮೇಲೆ ಓದಿದೆ. ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕಾದಿರುತ್ತೇನೆ, ಊರೊಳಗೆ ಬಂದರೆ ಗೌಡರು ಕಟ್ಟಿಹಾಕುತ್ತಾರೆ, ನೀನೇ ಬಂದುಬಿಡಮ್ಮ, ಕರೆದುಕೊಂಡು ಹೋಗುತ್ತೇನೆ. ಗೌಡರ ಮನೆಯವರಿಗೆ ತೋರಿಸಬೇಡ ಎಂದೂ ಬರೆಸಿದ್ದ, ಪಾಪ — ಇನ್ಯಾರ ಕೈಲಿ ಓದಿಸುತ್ತಿದ್ದೆ ನೀನು?

ನೀನು ವಾಪಸು ಬಂದು ಕಾಗದ ನೋಡಿದೆ. ಸಾವಿನ ಸುದ್ದಿ ತರುವ ಕಾಗದಕ್ಕೆ ಮೂಲೆ ಇರುವುದಿಲ್ಲವೆಂದು ಅಕ್ಷರ ಬಾರದವರಿಗೂ ಗೊತ್ತು.

"ಓಗ್ಬುಟ್ನಾ?" ಎಂದೆ ನೀನು.

ಇಲ್ಲ ಎನ್ನಬೇಕಿತ್ತು, ಒಂದೇ ಮಾತು. ಆದರೆ ನೀನು ಹೋದರೆ ಸೆಗಣಿ ಬಾಚುವವರು ಯಾರು ಎಂದು ಯೋಚಿಸುತ್ತಿದ್ದೆ. ಅಷ್ಟೇ, ಮುನಿಯಮ್ಮ, ಅದಕ್ಕಿಂತ ದೊಡ್ಡ ಕಾರಣವಿಲ್ಲ. ತಲೆ ತಗ್ಗಿಸಿದೆ. ಸಾವಿನ ಕಾಗದ ಇಟ್ಟುಕೊಳ್ಳಬಾರದೆಂದು ನೀನೇ ಅದನ್ನು ಹರಿದು ತಿಪ್ಪೆಗೆ ಎಸೆದೆ.

ಹೊಸತೊಡಕಿನ ದಿನ ರಾಬರ್ಟ್‌ಸನ್‌ಪೇಟೆಯಲ್ಲಿ ಕೆಲಸವಿದೆಯೆಂದು ರೈಲಿಗೆ ಹೋದೆ — ಸುಳ್ಳು, ಚೌಡನನ್ನು ನೋಡಲೆಂದೇ ಹೋದೆ. ಬಂಗಾರಪೇಟೆಯ ಪ್ಲಾಟ್‌ಫಾರಮ್ಮಿನಲ್ಲಿ ಕೂತಿದ್ದ, ತೊಡೆಯ ಮೇಲೆ ಹೊಸ ಹಸಿರು ಸೀರೆ. ನನ್ನನ್ನು ಕಂಡು ಹಳೆಯ ಅಭ್ಯಾಸದಂತೆ ಎದ್ದು ನಿಂತ.

"ಅಮ್ಮ ಬತ್ತಾವ್ಳಾ ಬುದ್ದಿ?"

"ಬರಾಕಿಲ್ಲ ಅಂದ್ಲು ಕಣ್ಲಾ. ಓಡೋದೋನು ನನ್ ಮಗನೇ ಅಲ್ಲ ಅಂದ್ಲು."

ಸೀರೆಯ ಮಡಿಕೆಯನ್ನು ಕೈಯಿಂದ ಸವರಿ ಸರಿಮಾಡಿದ. ಆಮೇಲೆ "ಇದ್ನಾದ್ರೂ ಕೊಟ್ಬುಡಿ" ಎಂದು ಸೀರೆಯನ್ನು ನನ್ನ ಕೈಗಿಟ್ಟು ಮದರಾಸಿನ ರೈಲು ಹತ್ತಿದ. ಆ ಸೀರೆಯನ್ನು ನನ್ನ ತಂಗಿ ಉಟ್ಟಳು. ನೀನು ಅಂಗಳದಲ್ಲಿ ನಿಂತು ನೋಡಿ, "ಬಣ್ಣ ಚೆಂದಾಗೈತೆ ತಾಯಿ" ಎಂದೆ.

ಆ ಅಂಚೆಚೀಟಿ ಇನ್ನೂ ನನ್ನ ಪುಸ್ತಕದಲ್ಲಿದೆ. ನೀನು ನಮ್ಮ ಕೊಟ್ಟಿಗೆಯಲ್ಲೇ ಸತ್ತೆ. ಅಲ್ಲಿಯವರೆಗೂ ಪ್ರತಿ ಪಿತೃಪಕ್ಷದಲ್ಲಿ ಚೌಡನಿಗೆ ಎಡೆ ಇಟ್ಟೆ — ಎಲ್ಲೋ ಉಂಡು ತಿರುಗುತ್ತಿದ್ದ ಮಗನಿಗೆ. ಎಡೆಯ ಅಕ್ಕಿಯನ್ನು ನಾನೇ ನಿನ್ನ ಸೆರಗಿಗೆ ಅಳೆದು ಹಾಕುತ್ತಿದ್ದೆ. "ನಿಮ್ ಒಟ್ಟೆ ತಣ್ಣಗಿರ್ಲಿ ಬುದ್ದಿ" ಎಂದು ಪ್ರತಿ ಸಲವೂ ಹರಸುತ್ತಿದ್ದೆ ನೀನು. ನಾನು ಪ್ರತಿ ಸಲವೂ ಸೆರಗು ಇನ್ನೂ ಅಗಲ ಹಿಡಿ ಎನ್ನುತ್ತಿದ್ದೆ.