ಹೈದರಾಬಾದಿಗೆ ಹೋಗದ ಅಣ್ಣ

ಕೆಳಗಿನ ಮನೆಯಿಂದ ಹುಚ್ಚೆಳ್ಳು ಹುರಿಯುವ ವಾಸನೆ ಬರುತ್ತಿದೆ. ಕಾಡುಗೋಡಿಯ ಈ ಮನೆಯ ಕೆಳಭಾಗವನ್ನು ನಾನು ಬಾಡಿಗೆಗೆ ಕೊಟ್ಟಿದ್ದೇನೆ. ಅಲ್ಲಿ ಸವಿತಾ ಎಂಬ ಹುಡುಗಿ, ಅವಳ ಗಂಡ, ಅತ್ತೆ ಇದ್ದಾರೆ. ಗಂಡ ಸದ್ಯಕ್ಕಿಲ್ಲ. "ಕೆಲಸದ ಮೇಲೆ ಚೆನ್ನೈಗೆ ಹೋಗಿದ್ದಾರೆ ಅಂಕಲ್" ಎಂದಿದ್ದಳು. ಪೊಲೀಸರು ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದದ್ದನ್ನು ನಾನು ಬಾಲ್ಕನಿಯಿಂದ ಕಣ್ಣಾರೆ ಕಂಡಿದ್ದೆ. ಆದರೂ "ಹೌದಾ, ಅಲ್ಲೀಗ ಸೆಖೆ ಜಾಸ್ತಿ" ಎಂದು ಸುಮ್ಮನಾದೆ. ಸಭ್ಯತೆ ಎಂದರೆ ಇದೇ ಎಂದು ನನಗೆ ನಾನೇ ಹೇಳಿಕೊಂಡೆ.

ಹುಚ್ಚೆಳ್ಳಿನ ಪುಡಿ ಜೈಲಿಗೆ ಒಯ್ಯಲು ಒಳ್ಳೆಯ ಪದಾರ್ಥ. ಕೆಡುವುದಿಲ್ಲ, ಬಾಗಿಲಲ್ಲಿ ಕಾವಲಿನವರು ಚಮಚ ಹಾಕಿ ಕಲಕಿದರೂ ಅದರ ರೂಪವೇನೂ ಹಾಳಾಗುವುದಿಲ್ಲ. ರಾಗಿಮುದ್ದೆಯಾದರೆ ಒಳಗೇನಿದೆ ಎಂದು ನಾಲ್ಕು ಹೋಳು ಮಾಡಿಬಿಡುತ್ತಿದ್ದರು. ಇದು ನನಗೆ ಹೇಗೆ ಗೊತ್ತು ಎಂದು ನೀವು ಕೇಳಬಹುದು. ನಮ್ಮಣ್ಣ ಒಳಗಿದ್ದ.

ಎಂಬತ್ತರ ದಶಕದ ಮೊದಲ ವರ್ಷಗಳು, ಕಾಡುಗೋಡಿ ಆಗಿನ್ನೂ ಹಳ್ಳಿ. ಅಣ್ಣ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮುಷ್ಕರದ ಸಮಯದಲ್ಲಿ ಗೇಟಿನ ಬಳಿ ಕಲ್ಲು ತೂರಾಟವಾಗಿ ಯಾರದೋ ತಲೆ ಒಡೆಯಿತು, ಅಣ್ಣನನ್ನೂ ಹಿಡಿದುಕೊಂಡು ಹೋದರು. ಅವನು ಕಲ್ಲು ಎಸೆದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಎಸೆಯಲಿಲ್ಲ ಎಂದು ಅತ್ತಿಗೆ ಹೇಳುತ್ತಾರೆ, ಆದರೆ ಅವರು ಗೇಟಿನ ಬಳಿ ಇರಲಿಲ್ಲ. ನಾನಾಗ ತತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಕೆಲಸವಿಲ್ಲದೆ, ಸತ್ಯ ಎಂಬುದು ಇದೆಯೇ ಎಂದು ಯೋಚಿಸುತ್ತ ಮನೆಯಲ್ಲಿ ಎರಡು ಹೊತ್ತು ಊಟ ಮಾಡಿಕೊಂಡಿದ್ದೆ.

ಸತ್ಯದ ವಿಷಯದಲ್ಲಿ ಅಪ್ಪನಿಗೆ ಅಂಥ ಗೊಂದಲವಿರಲಿಲ್ಲ. "ಯಾರಾನಾ ಕೇಳುದ್ರೆ ಐದ್ರಾಬಾದ್ಗೆ ಟ್ರೈನಿಂಗ್ ಕಳ್ಸವ್ರೆ ಅನ್ನಿ. ಮರ್ವಾದೆ ಪ್ರಶ್ನೆ ಕಣ್ರಲಾ" ಎಂದು ತೀರ್ಮಾನ ಕೊಟ್ಟರು. ಹಾಗಾಗಿ ನಮ್ಮ ಬೀದಿಯ ಮಟ್ಟಿಗೆ ಅಣ್ಣ ಹೈದರಾಬಾದಿನಲ್ಲಿದ್ದ.

ಆಗ ಜೈಲು ಇನ್ನೂ ಪೇಟೆಯ ನಡುವೆಯೇ ಇತ್ತು. ಜಾಲರಿಯ ಆಚೆ ಕೈದಿಗಳು, ಈಚೆ ಮನೆಯವರು, ಎಲ್ಲರೂ ಒಟ್ಟಿಗೆ ಕೂಗುವುದು. ಮೊದಲ ಸಲ ಅವ್ವ, ಅತ್ತಿಗೆ, ನಾನು ಹೋದೆವು. ಅವರಿಬ್ಬರೂ ಅತ್ತರು. ನಾನು ಕಾರ್ಮಿಕ ಹೋರಾಟದ ಚರಿತ್ರೆಯ ಬಗ್ಗೆ ಏನೋ ಹೇಳಿ ಧೈರ್ಯ ತುಂಬಲು ನೋಡಿದೆ. ಅಣ್ಣ ನನ್ನನ್ನು ದಿಟ್ಟಿಸಿ, "ಇವನ್ನ ಯಾಕೆ ಕರ್ಕೊಂಡ್ ಬಂದ್ರಿ?" ಎಂದ. ಹೊರಡುವಾಗ, "ಇನ್ಮೇಲೆ ಯಾರೂ ಬರ್ಬ್ಯಾಡಿ" ಎಂದ. ಮುಂದಿನ ವಾರ ಹೋದಾಗ ಅವನು ಜಾಲರಿಯ ಹತ್ತಿರ ಬರಲೇ ಇಲ್ಲ. ಒಯ್ದಿದ್ದ ಬುತ್ತಿಯೂ ಹಾಗೆಯೇ ವಾಪಸು ಬಂತು.

ಅದರ ಮುಂದಿನ ಭೇಟಿಯಲ್ಲಿ ಅತ್ತಿಗೆ ಅಳುವ ಸಿದ್ಧತೆಯಲ್ಲಿ ಬಂದಿರಲಿಲ್ಲ. ಬಾಗಿಲಿನ ವಾರ್ಡರಿಗೆ, "ಸಾರ್, ಹಸು ಈದದೆ, ಕರು ಮಾರೋದಾ ಇಟ್ಕೊಳೋದಾ ಅಂತ ಮನೇಲಿ ಕೇಳ್ತಾವ್ರೆ ಅಂತ ಒಂದ್ಮಾತು ಹೇಳ್ಬಿಡಿ" ಎಂದರು. ಅಣ್ಣ ಬಂದ. ಬಂದವನೇ ಜಾಲರಿಗೆ ಬಾಯಿಟ್ಟು, "ಎಣ್ಗರುನಾ, ಓರಿಗರುನಾ?" ಎಂದು ಕೂಗಿದ.

"ಎಣ್ಗರು!"

"ಎಣ್ಗರುನ ಯಾರಾನಾ ಮಾರ್ತಾರಾ? ಬುದ್ಧಿ ಐತಾ ನಿಮ್ಗೆ?"

ಅವನು ಬೈದದ್ದು ಕೇಳಿ ಅತ್ತಿಗೆ ನಕ್ಕರು. ಅಲ್ಲಿಂದ ಮುಂದೆ ಅವರು ವಾರಕ್ಕೊಂದು ಪ್ರಶ್ನೆ ಒಯ್ಯುತ್ತಿದ್ದರು: ಮಗಳನ್ನು ಯಾವ ಶಾಲೆಗೆ ಹಾಕುವುದು, ಹಿತ್ತಲ ಗೋಡೆ ಈಗಲೇ ಕಟ್ಟುವುದೋ ಸುಗ್ಗಿ ಆದಮೇಲೋ. ಒಳಗಿರುವವರನ್ನು ನೋಡಲು ಹೋಗುವವರಿಗೆ ನಾನು ಹೇಳಬಲ್ಲ ಮಾತು ಇಷ್ಟೇ. ಸಮಾಧಾನ ಒಯ್ಯಬೇಡಿ, ಕೇಳಲು ಏನಾದರೂ ಒಯ್ಯಿರಿ. ಮನೆಗೆ ತಮ್ಮ ಮಾತು ಇನ್ನೂ ಬೇಕು ಎಂಬುದು ಅವರಿಗೆ ಗೊತ್ತಾಗಬೇಕು.

ಅಷ್ಟರಲ್ಲಿ ಜಾಮೀನು ಸಿಕ್ಕಿತು. ಸಿಕ್ಕರೂ ಅಣ್ಣ ಹೊರಗೆ ಬರಲಿಲ್ಲ. ಜಮೀನಿರುವ ಒಬ್ಬರು ಕೋರ್ಟಿಗೆ ಪಹಣಿ ತಂದು ಶ್ಯೂರಿಟಿ ನಿಲ್ಲಬೇಕು ಎಂದರು ವಕೀಲರು. ನಮ್ಮ ಹೊಲದ ಪಹಣಿ ಎಂದೋ ತೀರಿಕೊಂಡ ತಾತನ ಹೆಸರಿನಲ್ಲೇ ಇತ್ತು. ಅಪ್ಪ, ಚಿಕ್ಕಪ್ಪಂದಿರು ಖಾತೆ ಬದಲಾಯಿಸಲು ಎಂದೂ ಒಟ್ಟಿಗೆ ಕೂತವರಲ್ಲ. ಬೇರೆಯವರನ್ನು ಕೇಳಬೇಕೆಂದರೆ ಹೈದರಾಬಾದಿನ ಕತೆ ಬಿಡಬೇಕು. ಅಪ್ಪ ಬಿಡಲಿಲ್ಲ. ವಾರಗಳು ಉರುಳಿದವು, ಅಣ್ಣ ಜಾಮೀನಿದ್ದೂ ಒಳಗೇ ಇದ್ದ. ಅವನ ಉತ್ತರಗಳು ಚಿಕ್ಕವಾಗುತ್ತ ಬಂದವು. ಒಂದು ಸಲ ಗೋಡೆಯ ಬಗ್ಗೆ ಕೇಳಿದ್ದಕ್ಕೆ, "ನಿಮ್ಗೆಂಗ್ ತೋಚುತ್ತೋ ಅಂಗ್ ಮಾಡಿ" ಎಂದುಬಿಟ್ಟ.

ಮರುದಿನ ಬೆಳಿಗ್ಗೆ ಅತ್ತಿಗೆ ಹಾಲಿನ ಡೈರಿಯ ಸಾಲಿನಲ್ಲಿ ಕ್ಯಾನು ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ, "ನಮ್ಮೋರು ಐದ್ರಾಬಾದ್ಗೆ ಓಗಿಲ್ಲ. ಜೈಲಲ್ಲವ್ರೆ. ಶ್ಯೂರಿಟಿಗೆ ಒಬ್ರು ಬೇಕು" ಎಂದರು. ನಾನು ಪಕ್ಕದಲ್ಲೇ ಇದ್ದೆ ಎಂದು ನನ್ನ ನೆನಪು. ಅತ್ತಿಗೆಯ ಪ್ರಕಾರ ನಾನು ಮನೆಯಲ್ಲಿ ಮಲಗಿದ್ದೆ, ಮತ್ತು ಅದು ಡೈರಿಯಲ್ಲ, ನೀರಿನ ಬೋರಿಂಗ್ ಹತ್ತಿರ. ಇರಬಹುದು. ಎಷ್ಟೋ ಸಲ ಕೇಳಿದ್ದು ಕಂಡದ್ದರಂತೆ ಕೂತುಬಿಡುತ್ತದೆ. ಆದರೆ ಹಿಂದಿನ ಬೀದಿಯ ಪಿಳ್ಳಪ್ಪ ಕೊಟ್ಟ ಉತ್ತರದ ಬಗ್ಗೆ ನಮ್ಮಿಬ್ಬರಲ್ಲೂ ಭಿನ್ನಾಭಿಪ್ರಾಯವಿಲ್ಲ.

"ಗೊತ್ತು ಬುಡವ್ವ. ಇಡಿದಿದ್ ದಿನಾನೇ ಗೊತ್ತು."

"ಗೊತ್ತಿದ್ದೂ ಸುಮ್ಕಿದ್ರಾ ಪಿಳ್ಳಪ್ಪಣ್ಣ?"

"ಇನ್ನೇನ್ ಮಾಡನ? ನಿಮ್ ಮಾವ ಐದ್ರಾಬಾದು ಅಂತಾವ್ನೆ. ಅವ್ನ್ ಎದುರ್ಗೆ ನಾವು ಜೈಲು ಅನ್ನಕಾಯ್ತದಾ? ಮೊನ್ನೆ ಅಲ್ಲಿ ಮಳೆ ಎಂಗವಂತೆ ಅಂತಾನೂ ಕೇಳ್ದೆ. ಚೆನ್ನಾಗವೆ ಅಂದ."

ಇಡೀ ಸಾಲು ನಕ್ಕಿತು. ಅತ್ತಿಗೆಯೂ ನಕ್ಕು, ಆಮೇಲೆ ಅತ್ತರು. ಪಿಳ್ಳಪ್ಪ ಪಹಣಿ ತೆಗೆಸಿ, ಇಸ್ತ್ರಿ ಮಾಡಿದ ಪಂಚೆ ಉಟ್ಟು ಕೋರ್ಟಿಗೆ ಬಂದರು. ಆರೋಪಿ ನಿಮಗೆ ಪರಿಚಯವೇ ಎಂದು ಕೇಳಿದಾಗ, "ಇವ್ನ್ ನಾಮಕರಣದಾಗೆ ಊಟ ಮಾಡಿವ್ನಿ ಸ್ವಾಮಿ" ಎಂದರು. ಸಂಜೆ ಅಣ್ಣ ನಮ್ಮ ಜೊತೆ ಬಸ್ಸಿನಲ್ಲಿ ಕಾಡುಗೋಡಿಗೆ ಬಂದ. ಮೊದಲು ಕೊಟ್ಟಿಗೆಗೆ ಹೋದ. ಕೇಸು ವರ್ಷಗಟ್ಟಲೆ ಎಳೆದು ಕೊನೆಗೆ ಬಿದ್ದುಹೋಯಿತು.

ಊರಿನ ಆ ಮೌನವನ್ನು ನಾನು ಬಹಳ ಕಾಲ ದೊಡ್ಡ ಸೌಜನ್ಯವೆಂದು ಮೆಚ್ಚಿಕೊಂಡಿದ್ದೆ. ಸ್ನೇಹಿತರ ಮುಂದೆ ವರ್ಣಿಸಿ ನಗಿಸಿಯೂ ಇದ್ದೇನೆ. ಈಗ ಈ ವಾಸನೆ ಮೂಗಿಗೆ ಬಡಿಯುವಾಗ ಅಷ್ಟು ನಗು ಬರುವುದಿಲ್ಲ. ನಾವು ಹೇಳಲಿ ಎಂದು ಅವರು ಕಾದರು, ಅವರಿಗೆ ತಿಳಿಯದಿರಲಿ ಎಂದು ನಾವು ಹೆಣಗಿದೆವು. ಆ ವಾರಗಳನ್ನೆಲ್ಲ ಒಳಗೆ ಕಳೆದವನು ಅಣ್ಣ.

ಅಂಗಿ ಹಾಕಿಕೊಂಡು ಕೆಳಗಿಳಿದು ಬಾಗಿಲು ತಟ್ಟಿದೆ. ಸವಿತಾ ಸೌಟು ಹಿಡಿದೇ ಬಂದಳು.

"ನೋಡಮ್ಮ, ಕರ್ಕೊಂಡು ಹೋದಾಗ ನಾನು ಮೇಲಿಂದ ನೋಡ್ದೆ. ಜಾಮೀನು ಆಯ್ತಾ?"

ಅವಳು ಒಳಗೆ ಅತ್ತೆಯ ಕೋಣೆಯತ್ತ ತಿರುಗಿ ನೋಡಿದಳು. ದನಿ ತಗ್ಗಿಸಿ, "ಆಗಿದೆ ಅಂಕಲ್. ಶ್ಯೂರಿಟಿಗೆ ಯಾರನ್ನ ಕೇಳೋದು ಅಂತ..." ಎಂದಳು.

"ಈ ಮನೆ ನನ್ನ ಹೆಸರಲ್ಲೇ ಇದೆ. ನಾಳೆ ವಕೀಲರನ್ನ ಎಷ್ಟು ಗಂಟೆಗೆ ನೋಡ್ಬೇಕು ಹೇಳು."