ಅಂಕಣಕ್ಕೆ ಬೆನ್ನು ಮಾಡಿ ನಿಂತವರು

ಎಂಬತ್ತರ ದಶಕದ ಆರಂಭದಲ್ಲಿ, ಏಷ್ಯಾ ಮಟ್ಟದ ಪಂದ್ಯಾವಳಿಗೆ ಹೊರಟಿದ್ದ ಭಾರತ ಕಬಡ್ಡಿ ತಂಡದ ಕೊನೆಯ ಶಿಬಿರ ಚನ್ನಗಿರಿಯ ಮೈದಾನದಲ್ಲಿ ನಡೆಯಿತು. ಅದರ ವ್ಯವಸ್ಥೆ ನನ್ನ ಪಾಲಿಗೆ ಬಂದಿತ್ತು. ನಮ್ಮ ಸೀಮೆಯವರೇ ಆದ ತರಬೇತುದಾರರು ಅಂಕಣಕ್ಕೆ ಬೆನ್ನು ಮಾಡಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. "ನನಗೆ ದಮ್ಮು ಕೇಳಿಸ್ಬೇಕ್ರಪ್ಪಾ" ಎಂಬುದು ಅವರ ನಿತ್ಯದ ಮಾತು. ದಮ್ಮೆಂದರೆ ರೈಡರ್ ಎದುರು ಪಾಳಯಕ್ಕೆ ಹೋಗಿ ಬರುವವರೆಗೆ ಒಂದೇ ಉಸಿರಿನಲ್ಲಿ ಹೇಳಬೇಕಾದ "ಕಬಡ್ಡಿ, ಕಬಡ್ಡಿ".

"ಇವ್ರು ಆಟ ಕಲ್ಸಾಕೆ ಬಂದಾರೋ, ಪುರಾಣ ಕೇಳಾಕೆ ಬಂದಾರೋ?" ಎಂದು ಆಟ ನೋಡಲು ಬರುತ್ತಿದ್ದ ಅಡಿಕೆ ಮಂಡಿಯ ವ್ಯಾಪಾರಿಗಳು ನಗುತ್ತಿದ್ದರು.

ಹೊರಡುವ ಹಿಂದಿನ ಸಂಜೆ ಜಗಳೂರಿನ ಹುಡುಗ, ನಮ್ಮೆಲ್ಲರ ಹೆಮ್ಮೆಯ ರೈಡರ್, ಎದುರಾಳಿಗಳನ್ನು ಮುಟ್ಟಿ ಮರಳಿದ. ನಮ್ಮ ಚಪ್ಪಾಳೆ ನಿಲ್ಲುವ ಮೊದಲೇ ತರಬೇತುದಾರರು ತಿರುಗದೆ ಕೈಯೆತ್ತಿದರು.

"ನಡುವೆ ಉಸಿರು ತಗೊಂಡೆ. ನಾಳೆ ನೀ ಬರಬ್ಯಾಡ."

ನಾನು ದಿಗ್ಭ್ರಾಂತನಾದೆ. ತಿದ್ದಿಕೊಳ್ಳಲು ಅವಕಾಶವನ್ನೇ ಕೊಡದ ಶಿಕ್ಷೆ ನ್ಯಾಯವಾದೀತೇ ಎಂದು, ಚರ್ಚಾಸ್ಪರ್ಧೆಗಳಲ್ಲಿ ಗಳಿಸಿದ್ದ ಧೈರ್ಯದಿಂದ ಕೇಳಿದೆ.

"ಕೊಡಾನ್ರಿ," ಎಂದರು. "ಇನ್ನೊಮ್ಮೆ ಹೋಗು ತಮ್ಮಾ. ನೀನೇ ಕೇಳಿಸ್ಕೊ."

ಹುಡುಗ "ಕಬಡ್ಡಿ, ಕಬಡ್ಡಿ" ಎನ್ನುತ್ತಾ ಹೋದ. ಎದುರಾಳಿಗಳನ್ನು ಮುಟ್ಟುವ ಮೊದಲೇ ನಿಂತ. ಎದೆ ಹಿಡಿದು ನೆಲಕ್ಕೆ ಕುಸಿದ.

"ಆಗಾಕಿಲ್ಲ ಸರ್. ಭಾಳ ದಿನದಿಂದ ಎದೆ ನೋವೈತೆ."

"ಗೊತ್ತೈತೆ. ಬಂದ ದಿನದಿಂದ ನಿನ್ನ ದಮ್ಮಿನಾಗೆ ಕೇಳ್ತಿದ್ದೀನಿ. ನೀನೇ ಹೇಳ್ತೀಯೇನೋ ಅಂತ ಕಾದೆ."

ಅವರೇ ಅವನನ್ನು ತೋಳಿಗೆ ಆನಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು.

ಮರುದಿನ ತಂಡದ ಬಸ್ಸು ಆಸ್ಪತ್ರೆಯ ಮುಂದೆ ಹಾಯ್ದಾಗ ಹುಡುಗ ಕಿಟಕಿಯಲ್ಲಿ ನಿಂತು ಕೈ ಬೀಸಿದ. ಅಂಕಣವನ್ನು ಎಂದೂ ನೋಡದ ಆ ಮನುಷ್ಯ ಸೀಟಿನಲ್ಲಿ ಹಿಂದಕ್ಕೆ ತಿರುಗಿ, ಆ ಕಿಟಕಿ ಮರೆಯಾಗುವವರೆಗೂ ಅವನನ್ನೇ ನೋಡುತ್ತಿದ್ದರು.